ಬೋಂಡನ ತಾಲೀಮು

ಬ್ಯಾಂಕಿನ ಸಾಲ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತವನ ಬಾಯಲ್ಲಿ ‘ಆಗಲ್ಲ’ ಅನ್ನುವ ಮಾತು ಬರುವುದಿಲ್ಲ. ‘ಆಯ್ತು’ ಅನ್ನುವುದಂತೂ ಮೊದಲೇ ಬರುವುದಿಲ್ಲ. ‘ಪೇಪರ್ಸ್ ತಗೊಂಡು ಬನ್ನಿ, ನೋಡೋಣ’ ಅನ್ನುವುದೊಂದೇ ನನಗೆ ಗೊತ್ತಿರುವ ಭಾಷೆ. ಪೇಪರ್ಸ್ ತರಲು ಹೋದವರಲ್ಲಿ ಅರ್ಧ ಜನ ತಿರುಗಿ ಬರುವುದಿಲ್ಲ. ಬಂದವರ ಹತ್ತಿರ ಇನ್ನೊಂದು ಪೇಪರ್ ಕಡಿಮೆ ಇರುತ್ತದೆ. ಇಷ್ಟು ಪಳಗಿದ ನಾನು ಕಳೆದ ಶ್ರಾವಣದ ಒಂದು ರಾತ್ರಿ, ಸಾರನ್ನದ ತಟ್ಟೆ ಮುಂದೆ, ಹೆಂಡತಿ ಮತ್ತು ಅಮ್ಮ ಇಬ್ಬರೂ ಸಾಕ್ಷಿಯಾಗಿ ಕೂತಿರುವಾಗ, ಮಗಳಿಗೆ ‘ಏನು ಬೇಕು ಕೇಳು ಪುಟ್ಟಿ, ಕೊಡಿಸ್ತೀನಿ’ ಅಂದುಬಿಟ್ಟೆ. ದಶರಥನ ಮನೆ ಹಾಳಾದದ್ದೂ ಇಂಥದೇ ಒಂದು ಮಾತಿನಿಂದ.

ಮಿನ್ನಿ ಮೂರನೇ ಕ್ಲಾಸು. ಗಣಿತದ ಟೆಸ್ಟಿನಲ್ಲಿ 20ಕ್ಕೆ 20 ತಂದಿದ್ದಳು. ಹೆಚ್ಚೆಂದರೆ ಸ್ಕೆಚ್ ಪೆನ್ನಿನ ಡಬ್ಬಿ ಕೇಳಿಯಾಳು ಎಂದು ನನ್ನ ಅಂದಾಜು. ಅವಳು ಕೊನೆಯ ತುತ್ತು ನುಂಗಿ, ಬೆರಳು ನೆಕ್ಕಿ, ‘ನಾಯಿಮರಿ’ ಅಂದಳು.

‘ನಾಯಿ ಯಾಕಮ್ಮಾ, ಬೇರೆ ಏನಾದ್ರೂ…’

‘ಮಣಲೆರ ಕೇಳಿರಲಿಲ್ವಾ?’

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಬೆಂಗಳೂರಿಗೆ ಒಂದು ನಾಮಕರಣಕ್ಕೆ ಹೋಗಿದ್ದಾಗ ಮಕ್ಕಳನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಆತಕೂರಿನ ಕಲ್ಲಿನ ಮುಂದೆ ನಿಲ್ಲಿಸಿ ಕಥೆ ಹೊಡೆದವನು ನಾನೇ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಿಂದ ಬಂದ ಕಲ್ಲು, ಕ್ರಿ.ಶ. 949–50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಬಡಿದಾಗ ಗಂಗರ ಬೂತುಗನ ಕಡೆಯ ಮಣಲೆರ ಜೀವದ ಹಂಗು ಬಿಟ್ಟು ಕಾದಾಡಿದನಂತೆ. ಮೆಚ್ಚಿದ ದೊರೆ ಏನು ಬೇಕು ಕೇಳು ಅಂದ. ಮಣಲೆರ ಹೊನ್ನು ಕೇಳಲಿಲ್ಲ, ಪದವಿ ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂತ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ಇದನ್ನೆಲ್ಲ ನಾನು ಕೈಯಾಡಿಸಿ ಹೇಳುತ್ತಿರುವಾಗ ಪಕ್ಕದಲ್ಲಿದ್ದ ಇಬ್ಬರು ನನ್ನನ್ನು ಗೈಡ್ ಎಂದುಕೊಂಡು ನಿಂತು ಕೇಳಿದ್ದರು. ಆ ಹುರುಪಿನಲ್ಲಿ ಹಂದಿಯ ಗಾತ್ರವನ್ನು ಎರಡು ಸಲ ದೊಡ್ಡದು ಮಾಡಿದ್ದೆ.

ನಾಯಿ ತರುತ್ತೇನೆ ಅಂದಾಗ ಮಣಲೆರನ ಹೆಂಡತಿ ಏನಂದಳು ಅನ್ನುವುದನ್ನು ಮಾತ್ರ ಶಾಸನ ಹೇಳುವುದಿಲ್ಲ. ನನ್ನ ಹೆಂಡತಿ ಅಂದದ್ದು ಇದು: ‘ಕೊಡಿಸಿ. ಮಾತು ಕೊಟ್ಟಿದ್ದೀರಲ್ಲ. ಅದರ ಸುಸ್ಸು, ಕಕ್ಕ ಯಾರು ಬಳೀತಾರೆ ಅನ್ನೋದನ್ನೂ ಅದೇ ಬಾಯಲ್ಲಿ ಹೇಳಿಬಿಡಿ.’

ಅಮ್ಮ ಮಜ್ಜಿಗೆ ಕಲಸುತ್ತ, ‘ನಮ್ಮ ತೌರುಮನೇಲೂ ಇತ್ತು ಕಣೋ ನಾಯಿ, ಕೆಂಚ ಅಂತ. ಅದು ಕೊಟ್ಟಿಗೇಲಿ ಇತ್ತು. ನಿಮ್ಮನೇಲಿ ಕೊಟ್ಟಿಗೆ ಎಲ್ಲಿದೆ?’ ಅಂದರು.

‘ಇವರ ರೂಮಿದೆಯಲ್ಲ ಅತ್ತೆ’ ಅಂದಳು ಇವಳು.

ಅಮ್ಮನಿಗೆ ಕೆಂಚನ ಹಿಂದೆಯೇ ಇನ್ನೊಂದು ನೆನಪೂ ಬಂತು. ಅವರ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ಹುಡುಗನಾಗಿದ್ದಾಗ ಬೀದಿನಾಯಿ ಕಚ್ಚಿ, ದಿನಾ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆತಂದು ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿದ ಕಥೆ. ಯುಕೆಜಿಯ ಗುಂಡ ತಕ್ಷಣ ಅಂಗಿ ಎತ್ತಿ ತನ್ನ ಹೊಕ್ಕುಳ ನೋಡಿಕೊಂಡು, ‘ಇಲ್ಲಿ ಹದಿನಾಲ್ಕು ಹಿಡಿಸಲ್ಲ’ ಅಂದ. ನಾನು ನಾಲ್ಕು ಅಕ್ಷರ ಓದಿದವನಂತೆ, ‘ಅದು ಕುರಿ ಮೆದುಳಿಂದ ಮಾಡ್ತಿದ್ದ ಹಳೇ ಲಸಿಕೆ ಅಮ್ಮ. 2004ಕ್ಕೇ ನಮ್ಮ ದೇಶದಲ್ಲಿ ನಿಂತುಹೋಯ್ತು. ಈಗೇನಿದ್ರೂ ತೋಳಿಗೆ, ನಾಲ್ಕೈದು ಡೋಸು ಅಷ್ಟೆ’ ಅಂದೆ.

‘ಸೂಜಿ ಬದಲಾಯ್ತು ಅನ್ನು. ನಾಯಿ ಹಲ್ಲು ಬದಲಾಗಿದೆಯೇನು?’

ಗುಂಡ ಅಜ್ಜಿಯ ಪಕ್ಷಕ್ಕೆ ಹೋದ ಎಂದುಕೊಳ್ಳುವಷ್ಟರಲ್ಲಿ ತಿರುಗಿ ಬಿದ್ದ. ‘ಅಜ್ಜೀ, ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕೇ ಬರಲ್ಲ ಅಂದ ಅಂತ ನೀನೇ ಹೇಳಿದ್ದೆ.’ ಅಮ್ಮ ತಮ್ಮ ಕಥೆಗೆ ತಾವೇ ಸಿಕ್ಕಿಬಿದ್ದು ಒಂದು ಕ್ಷಣ ತಡವರಿಸಿ, ‘ಅಂದ ಕಣೋ. ಆದ್ರೆ ಅದನ್ನ ಅಡುಗೆಮನೆ ಒಳಗೆ ಕರಕೊಂಡು ಬರ್ತೀನಿ ಅನ್ನಲಿಲ್ಲ’ ಅಂದು ಕೈತೊಳೆಯಲು ಎದ್ದರು. ಮಕ್ಕಳಿಗೆ ಕಥೆ ಹೇಳಬೇಕು ಎನ್ನುವ ತಜ್ಞರು ಯಾರೂ ಈ ಅಪಾಯದ ಬಗ್ಗೆ ಎಚ್ಚರಿಸಿಲ್ಲ.

ಈ ಬೇಡಿಕೆಯೇನೂ ಆಕಾಶದಿಂದ ಉದುರಿದ್ದಲ್ಲ. ಕುವೆಂಪುನಗರದ ನಮ್ಮ ಬೀದಿ ತುದಿಯಲ್ಲಿ ಒಂದು ಮನೆ ಕಟ್ಟುತ್ತಿದ್ದಾರೆ. ಅಲ್ಲಿನ ಎಂ-ಸ್ಯಾಂಡ್ ರಾಶಿಯ ಹಿಂದೆ, ಖಾಲಿ ಸಿಮೆಂಟ್ ಚೀಲಗಳ ಮೇಲೆ, ನಮ್ಮ ಬೀದಿಯ ಕೆಂಪಿ ನಾಲ್ಕು ಮರಿ ಹಾಕಿತ್ತು. ಕಣ್ಣು ಆಗಷ್ಟೇ ಬಿಟ್ಟಿದ್ದವು, ಅಂದರೆ ಎರಡು ವಾರದವು. ಸ್ಕೂಲ್ ವ್ಯಾನ್ ಇಳಿದ ಮಕ್ಕಳಿಗೆ ಮನೆಯ ನೂರು ಹೆಜ್ಜೆ ನಡೆಯಲು ಅರ್ಧ ಗಂಟೆ ಯಾಕೆ ಹಿಡಿಯುತ್ತಿತ್ತು ಎಂದು ಆಗ ಗೊತ್ತಾಯಿತು.

ಕಟ್ಟಡದ ವಾಚ್‌ಮನ್ ಬಾಗಲಕೋಟೆ ಕಡೆಯವನು. ನನ್ನನ್ನು ಕಂಡದ್ದೇ ಒಂದು ಕಪ್ಪು ಮರಿಯನ್ನು ಕುತ್ತಿಗೆ ಹಿಡಿದು ಎತ್ತಿ, ‘ತಗೋರಿ ಸರ, ಥೇಟ್ ಮುಧೋಳ ನಾಯಿ ಇದ್ದಂಗೈತಿ. ಕಾಲ ನೋಡ್ರಿ, ಎಷ್ಟ ಉದ್ದ ಅದಾವ’ ಅಂದ. ನೋಡಿದೆ. ನನ್ನ ಹೆಬ್ಬೆರಳಿನಷ್ಟಿದ್ದವು. ‘ನಮ್ಮ ಮುಧೋಳದ ರಾಜರು ಇಂಗ್ಲೆಂಡಿನ ಜಾರ್ಜ್ ದೊರೀಗೆ ಕೊಟ್ಟಿದ್ರಂತ್ರಿ ಈ ಜಾತಿ ನಾಯಿ. ಮಿಲಿಟರ್‍ಯಾಗೂ ತಗೊಂಡಾರ.’ ಅವನು ಹೇಳಿದ್ದೆಲ್ಲ ನಿಜವೇ. ಅಂಚೆ ಇಲಾಖೆಯವರು 2005ರಲ್ಲಿ ಮುಧೋಳ ನಾಯಿಯ ಸ್ಟಾಂಪನ್ನೇ ಹೊರಡಿಸಿದ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವೂ ಇದೆ. ಸುಳ್ಳು ಒಂದೇ, ಕೆಂಪಿಗೂ ಮುಧೋಳಕ್ಕೂ ಅವನು ಹಾಕಿದ ಗಂಟು. ಕೆಂಪಿ ಹುಟ್ಟಿ ಬೆಳೆದದ್ದು ಮೂಲೆಯ ಬಜ್ಜಿ ಗಾಡಿಯ ಕೆಳಗೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸ್ವತ್ತು ಚೆನ್ನಾಗಿದೆ, ಮೂಲಪತ್ರ ಇಲ್ಲ.

ಇಲ್ಲದ್ದೇ ಒಳ್ಳೆಯದಾಯಿತು ಅನ್ನಿ. ನಿಜವಾದ ಮುಧೋಳಕ್ಕೆ ಓಡಲು ಬಯಲು ಬೇಕು. ನಮ್ಮ ಮನೆಯಲ್ಲಿ ಅತಿ ಉದ್ದದ ಓಟವೆಂದರೆ ಹಾಲ್‌ನಿಂದ ಬಾತ್‌ರೂಮಿಗೆ ಹನ್ನೊಂದು ಹೆಜ್ಜೆ. ಬೆಳಿಗ್ಗೆ ಹೊತ್ತು ಅಲ್ಲೂ ಕ್ಯೂ ಇರುತ್ತದೆ.

ಪೇಪರ್ಸ್ ಇಲ್ಲದೆ ಫೈಲು ಮುಂದೆ ಹೋಗಬಾರದಲ್ಲ. ಒಂದು ಶನಿವಾರ ನಾಯಿ ಡಾಕ್ಟರ ಹತ್ತಿರ ಹೋದೆ. ನಾಯಿ ಇಲ್ಲದೆ ನಾಯಿ ಡಾಕ್ಟರ ಹತ್ತಿರ ಹೋಗುವುದು ಎಷ್ಟು ಮುಜುಗರದ ಕೆಲಸವೆಂದು ಹೋದವರಿಗೇ ಗೊತ್ತು. ಬೆಂಚಿನ ಮೇಲೆ ಒಂದು ಕಡೆ ಅಲ್ಸೇಷಿಯನ್, ಇನ್ನೊಂದು ಕಡೆ ಬುಟ್ಟಿಯೊಳಗೆ ಬೆಕ್ಕು, ನಡುವೆ ನಾನು. ರಿಜಿಸ್ಟರ್ ಹಿಡಿದ ಹುಡುಗ ಬಂದ.

‘ಪೇಷೆಂಟ್ ಹೆಸರು?’

‘ಇನ್ನೂ ಇಟ್ಟಿಲ್ಲ.’

‘ಎಲ್ಲಿದೆ?’

‘ಇನ್ನೂ ತಂದಿಲ್ಲ.’

‘ವಯಸ್ಸು?’

ಗಾಬರಿಯಲ್ಲಿ ನನ್ನ ವಯಸ್ಸು ಹೇಳಿದೆ. ಅವನು ‘43, ಗಂಡು’ ಎಂದು ಬರೆದುಕೊಂಡು ಹೋದ. ಅಲ್ಸೇಷಿಯನ್‌ನ ಯಜಮಾನ ತನ್ನ ನಾಯಿಯನ್ನು ಮೆಲ್ಲಗೆ ಆ ಕಡೆಗೆ ಎಳೆದುಕೊಂಡ.

ಡಾಕ್ಟರು ಒಳ್ಳೆಯವರು. ನಗದೆ ಎಲ್ಲವನ್ನೂ ಹೇಳಿದರು, ನಾನು ಡಿಮ್ಯಾಂಡ್ ಡ್ರಾಫ್ಟಿನ ಹಿಂಬದಿಯಷ್ಟು ಸಣ್ಣ ಚೀಟಿಯಲ್ಲಿ ಬರೆದುಕೊಂಡೆ. ಮರಿಗೆ ಎಂಟು ವಾರ ತುಂಬುವವರೆಗೆ ತಾಯಿಯಿಂದ ಬಿಡಿಸಕೂಡದು. ಆರರಿಂದ ಎಂಟನೇ ವಾರದೊಳಗೆ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದು ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಜಂತುಹುಳದ ಔಷಧಿಯನ್ನು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ತಪ್ಪಿಸುವಂತಿಲ್ಲ. ಮರಿಯ ಹುಳ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ದಾಟುತ್ತದೆ. ಎರಡು ತಿಂಗಳ ಮರಿ ಎರಡು-ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು, ರಾತ್ರಿಯೂ ಎಬ್ಬಿಸಿ ಹೊರಗೆ ಒಯ್ಯಬೇಕು. ಇಪ್ಪತ್ತೆಂಟು ಹಾಲುಹಲ್ಲು, ಒಂದೊಂದೂ ಸೂಜಿ. ನಾಲ್ಕನೇ ತಿಂಗಳಿನಿಂದ ಅವು ಬಿದ್ದು ನಲವತ್ತೆರಡು ಹೊಸ ಹಲ್ಲು ಬರುವವರೆಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ.

‘ಸಿಕ್ಕಿದ್ದು ಅಂದ್ರೆ?’

‘ಚಪ್ಪಲಿ, ಕುರ್ಚಿ ಕಾಲು, ನಿಮ್ಮ ಮಗ.’

ಐದು ವರ್ಷದ ಮಗುವನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಒಂದು ನಿಮಿಷವೂ ಜೊತೆಗೆ ಬಿಡಬೇಡಿ ಅಂದರು. ಮರಿ ಏನಾದರೂ ಮಾಡೀತು ಅಂತಲಾ ಡಾಕ್ಟರೇ ಎಂದು ಕೇಳಿದೆ. ‘ಅದೂ ಇದೆ. ಮಗು ಏನಾದ್ರೂ ಮಾಡೀತು ಅಂತಲೂ ಇದೆ’ ಅಂದರು. ಅವರು ಗುಂಡನನ್ನು ನೋಡಿಯೇ ಇಲ್ಲ. ತಿನ್ನುವಾಗ, ಮಲಗಿರುವಾಗ ಮುಟ್ಟಲೇಬಾರದು. ಸುಮ್ಮನೆ ಪರಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಚೆನ್ನಾಗಿ ನೋಡಿಕೊಂಡರೆ ಹನ್ನೆರಡರಿಂದ ಹದಿನೈದು ವರ್ಷ ಬಾಳುತ್ತದೆ.

ಈ ಕೊನೆಯ ಲೆಕ್ಕ ನನ್ನನ್ನು ದಾರಿಯುದ್ದಕ್ಕೂ ಕಾಡಿತು. ನಮ್ಮ ಗೃಹಸಾಲಕ್ಕೆ ಇನ್ನು ಹದಿಮೂರು ವರ್ಷ ಬಾಕಿ. ಅಂದರೆ ಸಾಲವೂ ನಾಯಿಯೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತೀರುತ್ತವೆ. ಅಷ್ಟರಲ್ಲಿ ಮಿನ್ನಿ ಯಾವುದೋ ಊರಿನ ಹಾಸ್ಟೆಲಿನಲ್ಲಿರುತ್ತಾಳೆ. ಗುಂಡನಿಗೆ ಮೀಸೆ ಬಂದು ನಮ್ಮ ಜೊತೆ ಮಾತು ಬಿಟ್ಟಿರುತ್ತಾನೆ. ರಿಟೈರ್‌ಮೆಂಟಿಗೆ ನಾಲ್ಕು ವರ್ಷ ಉಳಿದ ನಾನು, ಮುದಿ ನಾಯಿ, ಇಬ್ಬರೂ ಮೊಣಕಾಲು ನೋವಿನ ಎಣ್ಣೆ ಹಚ್ಚಿಕೊಂಡು ಬೀದಿಯಲ್ಲಿ ಎಳೆದಾಡಿಕೊಂಡು ಹೋಗುವ ಚಿತ್ರ ಕಣ್ಣಮುಂದೆ ಬಂತು. ಯಾರು ಯಾರನ್ನು ಎಳೆಯುತ್ತಿದ್ದಾರೆ ಅನ್ನುವುದು ಸ್ಪಷ್ಟವಿರಲಿಲ್ಲ.

ಮನೆಗೆ ಬಂದು ಚೀಟಿಯನ್ನು ಗಟ್ಟಿಯಾಗಿ ಓದಿದೆ. ಕೇಳಿಯೇ ಮಕ್ಕಳು ಹೆದರಿಯಾರು ಎಂದು ಒಳಗೊಳಗೆ ಆಸೆ. ಅವರು ಹೆದರಲಿಲ್ಲ. ಕಣ್ಣುಮುಚ್ಚಿ ಜಪಸರ ಎಣಿಸುತ್ತಿದ್ದ ಅಮ್ಮ ಮಾತ್ರ ಈರುಳ್ಳಿ ಅಂದಾಗ ಕಣ್ಣು ಬಿಟ್ಟರು.

‘ಏನಂದೆ? ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ವಾ?’

‘ತಿನ್ನಬಾರದು ಅಮ್ಮ.’

‘ಹಂಗಾದ್ರೆ ನಮ್ಮ ಕಡೇದೇ ಅನ್ನು’ ಅಂದು ಮತ್ತೆ ಕಣ್ಣುಮುಚ್ಚಿದರು. ಮನೆಯ ರಾಜಕೀಯದಲ್ಲಿ ಒಂದು ಓಟು ಆಚೆಗೆ ಜಾರಿದ್ದು ನನಗೆ ಆಗ ತಿಳಿಯಲಿಲ್ಲ.

ಮೈಸೂರಿನವರಿಗೆ ಬುದ್ಧಿ ಹೊಳೆಯುವುದು ಆನೆ ನೋಡಿದಾಗಲೇ. ಮಾರನೆಯ ಭಾನುವಾರ ಮಕ್ಕಳನ್ನು ದಸರಾ ಆನೆಗಳ ತಾಲೀಮು ತೋರಿಸಲು ಕರೆದೊಯ್ದಿದ್ದೆ. ಅರಮನೆಯಿಂದ ಬನ್ನಿಮಂಟಪದ ಕಡೆಗೆ ಅಭಿಮನ್ಯು ಬೆನ್ನ ಮೇಲೆ ಮರಳುಮೂಟೆ ಹೊತ್ತು ನಿಧಾನವಾಗಿ ಹೋಗುತ್ತಿತ್ತು. ಜಂಬೂಸವಾರಿಯ ದಿನ ಹೊರಬೇಕಾದ 750 ಕಿಲೋ ಅಂಬಾರಿಗೆ ಹೀಗೆ ವಾರಗಟ್ಟಲೆ ಮೊದಲೇ ಅಭ್ಯಾಸ. ಕುಶಾಲತೋಪಿನ ಸದ್ದಿಗೂ ಬೇರೆ ತಾಲೀಮು. ಆನೆಯ ಬೆನ್ನಿಗೇ ನೇರವಾಗಿ ಅಂಬಾರಿ ಕಟ್ಟುವುದಿಲ್ಲ, ನನ್ನ ಮಕ್ಕಳ ತಲೆಗೆ ನೇರವಾಗಿ ನಾಯಿ ಕಟ್ಟುವುದೇ?

ಅಂದೇ ಸಂಜೆ ಎ4 ಹಾಳೆಯಲ್ಲಿ ಕರಾರು ತಯಾರಾಯಿತು. ಮರಿಗಳಿಗೆ ಆಗ ನಾಲ್ಕು ವಾರ. ಎಂಟು ವಾರ ತುಂಬುವವರೆಗಿನ ಮೂವತ್ತು ದಿನ ಮಕ್ಕಳು ಇಲ್ಲದ ನಾಯಿಯೊಂದನ್ನು ಸಾಕಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್, ದಿನಕ್ಕೆ ಮೂರು ಸಲ ಬಟ್ಟಲು ತೊಳೆಯುವುದು, ಎರಡು ಸಲ ನೀರು ಬದಲಿಸುವುದು, ನೆಲ ಒರೆಸುವುದು. ಅರ್ಜಿದಾರರು: ಮಿನ್ನಿ, ಗುಂಡ. ಗುಂಡನಿಗೆ ‘ಗು’ವರೆಗೆ ಬರೆಯಲು ಬರುತ್ತದೆ, ಅಷ್ಟೇ ಸಹಿ. ಜಾಮೀನುದಾರ ಅನ್ನುವ ಜಾಗದಲ್ಲಿ ನಾನು ಪೆನ್ನು ಊರಿದಾಗ ಇವಳು ಕೇಳಿದಳು, ‘ಯಾರಿಗೂ ಜಾಮೀನು ಹಾಕಬೇಡಿ ಅಂತ ಊರಿಗೆಲ್ಲ ಹೇಳೋರು ನೀವು. ಯೋಚನೆ ಮಾಡಿದ್ದೀರಾ?’

‘ಬರೀ ಫಾರ್ಮಾಲಿಟಿ ಕಣೇ’ ಅಂದೆ. ಈ ಮಾತನ್ನು ನಂಬಿ ಸಹಿ ಹಾಕಿದ ಎಷ್ಟೋ ಮಂದಿಗೆ ಹತ್ತೊಂಬತ್ತು ವರ್ಷದಿಂದ ನಾನೇ ನೋಟಿಸ್ ಕಳಿಸುತ್ತ ಬಂದಿದ್ದೇನೆ.

ಹೆಸರಿಗೆ ಒಂದು ಗಂಟೆ ಜಗಳ. ಮಿನ್ನಿ ಕಾಳಿ ಅಂದಳು. ‘ಬೆಳಗೆದ್ದು ದೇವಿ ಹೆಸರು ಹಿಡಿದು ಥೂ ಹಚಾ ಅನ್ನಕ್ಕಾಗುತ್ತಾ?’ ಎಂದು ಅಮ್ಮ ತಳ್ಳಿಹಾಕಿದರು. ನಾನು ಸಾಹಿತ್ಯದ ಗತ್ತಿನಲ್ಲಿ ಹುಲಿಯ ಅಂದೆ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯ ನಾಯಿ. ಯಾರಿಗೂ ಹಿಡಿಸಲಿಲ್ಲ. ಅಡುಗೆಮನೆಯಿಂದ ಎಣ್ಣೆಯ ಘಮ ಬಂತು. ಗುಂಡ ಮೂಗರಳಿಸಿ, ‘ಬೋಂಡ’ ಅಂದ. ಅವನು ತಿಂಡಿ ಹೇಳಿದನೋ ಹೆಸರು ಹೇಳಿದನೋ ಇಂದಿಗೂ ಗೊತ್ತಿಲ್ಲ. ಅದೇ ಖಾಯಂ ಆಯಿತು.

ಮೊದಲ ದಿನ ಇಬ್ಬರೂ ಐದು ಗಂಟೆಗೇ ಎದ್ದು, ಮುನ್ನೂರೈವತ್ತು ರೂಪಾಯಿ ಕೊಟ್ಟು ತಂದ ಕೊರಳಪಟ್ಟಿ, ಹಗ್ಗ ಹಿಡಿದು ಬೀದಿ ಸುತ್ತಿ ಬಂದರು. ಎರಡನೆಯ ದಿನ ಮಿನ್ನಿ ಒಬ್ಬಳೇ. ಮೂರನೆಯ ದಿನ ಐದೂವರೆಗೆ ಇವಳು ನನ್ನ ಭುಜ ತಿವಿದು ಒಂದೇ ಪದ ಹೇಳಿದಳು.

‘ಕಂತು.’

ಎದ್ದೆ. ಖಾಲಿ ಹಗ್ಗವನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಗೇಟು ದಾಟಿದೆ. ಮಹಡಿಯಿಂದ ದನಿ ಬಂತು: ‘ರೀ, ನಾಯಿ ಜೇಬಲ್ಲಿ ವಾಕಿಂಗ್ ಹೋಗುತ್ತಾ? ಕೆಳಗೆ ಬಿಡಿ.’ ಬಿಟ್ಟೆ. ಕೊರಳಪಟ್ಟಿ ಹಿಂದೆ ಟಾರ್ ರಸ್ತೆಯ ಮೇಲೆ ಕಿರ್ ಕಿರ್ ಎಂದು ಉಜ್ಜಿಕೊಂಡು ಬಂತು. ನಾಲ್ಕು ಮನೆ ದಾಟುವಷ್ಟರಲ್ಲಿ ಎದುರಿಗೆ ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರು, ಮಂಕಿ ಕ್ಯಾಪು, ಟಾರ್ಚು. ಖಾಲಿ ಪಟ್ಟಿಯನ್ನು ನೋಡಿದರು. ನನ್ನನ್ನು ನೋಡಿದರು.

‘ಅಯ್ಯೋ, ತಪ್ಪಿಸ್ಕೊಂಡು ಹೋಯ್ತಾ?’

ನಿಜ ಹೇಳಬಹುದಿತ್ತು. ಇಲ್ಲದ ನಾಯಿಯನ್ನು ವಾಕಿಂಗ್ ಕರೆತಂದಿದ್ದೇನೆ ಎಂದು ಹೇಳಿಕೊಂಡ ಬ್ಯಾಂಕ್ ಅಧಿಕಾರಿಯ ಹತ್ತಿರ ನಾಳೆ ಯಾರು ತಾನೇ ಎಫ್‌ಡಿ ಇಡುತ್ತಾರೆ? ‘ಹೂಂ ಸಾರ್’ ಅಂದೆ.

ಅವರು ನಲವತ್ತು ವರ್ಷ ಮಕ್ಕಳನ್ನು ಮೇಯಿಸಿದವರು, ಸುಮ್ಮನೆ ಬಿಡುತ್ತಾರೆಯೇ? ಪಾರ್ಕಿನ ಕಡೆ ಹೊರಟಿದ್ದ ಇನ್ನಿಬ್ಬರನ್ನು ಕೂಗಿ ಕರೆದರು. ಬಣ್ಣ ಕೇಳಿದರು, ಕಪ್ಪು ಅಂದೆ. ಹೆಸರು ಕೇಳಿದರು. ಹೇಳಿದೆ. ಒಂದು ಕ್ಷಣ ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅರವತ್ತೈದು ದಾಟಿದ ಮೂವರು ಗೌರವಸ್ಥರು, ಮೂರು ದಿಕ್ಕಿಗೆ ಚದುರಿ, ಚರಂಡಿ ಚಪ್ಪಡಿಗಳ ಸಂದಿಗೆ ಟಾರ್ಚು ಬಿಡುತ್ತ ‘ಬೋಂಡಾ… ಬೋಂಡಾ…’ ಎಂದು ಕೂಗತೊಡಗಿದರು. ಮನೆಗಳ ದೀಪ ಹತ್ತಿದವು. ಹಾಲಿನ ಬೂತಿನಾಕೆ ಕ್ರೇಟು ಇಳಿಸುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟು, ‘ಇಷ್ಟೊತ್ತಿಗೆ ಎಲ್ಲಿ ಸಿಗುತ್ತೆ ಸಾರ್? ಬಜ್ಜಿ ಗಾಡಿ ಬರೋದು ಸಾಯಂಕಾಲ’ ಅಂದಳು.

ಒಂದು ವಾರ ಪೂರ್ತಿ ಕಂಡಕಂಡವರು ‘ಸಿಕ್ತಾ?’ ಎಂದು ಕೇಳಿದರು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ‘ಬೋಂಡ ಕಾಣೆಯಾಗಿದೆ’ ಎಂಬ ಸಂದೇಶದ ಕೆಳಗೆ ಹದಿನೇಳು ಜನ ಕೈಮುಗಿದಿದ್ದರು.

ಮನೆಯೊಳಗಿನ ತಾಲೀಮಿನ ಉಸ್ತುವಾರಿ ಇವಳದು. ಮರಿ ಎಲ್ಲೆಂದರಲ್ಲಿ ಮಾಡುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಹಿಡಿದುಕೊಂಡು, ಲೋಟದಲ್ಲಿ ಅರಿಶಿನದ ನೀರು ಕದಡಿ ದಿನಕ್ಕೆ ನಾಲ್ಕು ಕಡೆ ಚೆಲ್ಲುತ್ತಿದ್ದಳು. ಮೊದಲು ಕಂಡವರು ಒರೆಸಬೇಕು ಎಂದು ನಿಯಮ. ಅಂದಿನಿಂದ ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಏನೂ ಕಾಣದಾಯಿತು. ಮಿನ್ನಿ ಗೋಡೆ ನೋಡಿಕೊಂಡು ನಡೆಯುತ್ತಿದ್ದಳು. ಆಫೀಸಿಗೆ ಹೊರಟ ನಾನು ಎರಡು ಸಲ ಕಾಲುಚೀಲದ ಸಮೇತ ಅದರಲ್ಲಿ ಕಾಲಿಟ್ಟೆ. ಕಾಲಿಟ್ಟವನೇ ಮೊದಲು ಕಂಡವನು ಎಂದು ತೀರ್ಪಾಯಿತು. ಒಂದು ಮಧ್ಯಾಹ್ನ ಇವಳು ‘ಇದು ನಾನು ಚೆಲ್ಲಿದ್ದಲ್ಲ’ ಅಂದಳು. ಗುಂಡ ಬಾಗಿಲ ಹಿಂದೆ ನಿಂತು, ಚಡ್ಡಿ ಹಿಡಿದುಕೊಂಡು, ‘ಬೋಂಡ’ ಅಂದ.

ಅಲ್ಲಿಂದ ಬೋಂಡನ ಚರಿತ್ರೆ ಕೆಡುತ್ತ ಹೋಯಿತು. ಗಾಜಿನ ಲೋಟ ಒಡೆದದ್ದು ಬೋಂಡ, ಕನ್ನಡದ ಕಾಪಿ ಹಾಳೆ ಹರಿದದ್ದು ಬೋಂಡ. ಗೌರಿ ಹಬ್ಬಕ್ಕೆಂದು ಅಮ್ಮ ಎತ್ತಿಟ್ಟ ಡಬ್ಬಿಯಲ್ಲಿ ಹನ್ನೆರಡು ಚಕ್ಕುಲಿ ಕಡಿಮೆಯಾದಾಗ, ಇಲ್ಲದ ನಾಯಿಯ ಕಡೆ ಬೆರಳು ತೋರಿಸಿದವರಲ್ಲಿ ನಾನೂ ಒಬ್ಬ. ನಿಜವಾದ ನಾಯಿಯಾಗಿದ್ದರೆ ಅಷ್ಟು ಹೊತ್ತಿಗೆ ಮನೆ ಬಿಟ್ಟು ಓಡಿರುತ್ತಿತ್ತು.

ವಾಕಿಂಗ್ ಮಾತ್ರ ನನ್ನ ಪಾಲಿಗೇ ಉಳಿಯಿತು. ಹೆಡ್‌ಮಾಸ್ಟರ ಕಣ್ಣು ತಪ್ಪಿಸಲು ಬೀದಿಯ ಆ ತುದಿಗೆ, ಮರಳು ರಾಶಿಯ ಕಡೆಗೆ, ಹೋಗತೊಡಗಿದೆ. ಎರಡನೆಯ ವಾರದ ಒಂದು ಬೆಳಿಗ್ಗೆ ಹಿಂದೆ ಉಜ್ಜಿಕೊಂಡು ಬರುತ್ತಿದ್ದ ಪಟ್ಟಿ ಇದ್ದಕ್ಕಿದ್ದಂತೆ ಭಾರವಾಯಿತು. ತಿರುಗಿ ನೋಡಿದರೆ ಆ ಕಪ್ಪು ಮರಿ ಪಟ್ಟಿಯನ್ನು ಕಚ್ಚಿಕೊಂಡು, ಹಿಂಗಾಲು ಊರಿ, ಇಡೀ ಮೈಯನ್ನು ಬಾಲದ ಸಮೇತ ಅಲ್ಲಾಡಿಸುತ್ತ ಎಳೆಯುತ್ತಿತ್ತು. ನಾನು ಎಳೆದೆ. ಅದೂ ಎಳೆಯಿತು. ಸರ್ವೀಸಿನಲ್ಲಿ ನನ್ನನ್ನು ಇಷ್ಟು ಗಟ್ಟಿಯಾಗಿ ಹಿಡಿದು ಬಿಡದೇ ಇದ್ದವರು ಒಬ್ಬ ಆಡಿಟರು ಮಾತ್ರ. ಕೆಂಪಿ ಒಂದು ಕಣ್ಣು ತೆರೆದು, ಗುರ್ ಎಂದು, ನನ್ನಿಂದ ಅಪಾಯವಿಲ್ಲ ಎಂದು ಖಾತ್ರಿಯಾಗಿ ಮತ್ತೆ ಮಲಗಿತು. (ನನ್ನಿಂದ ಅಪಾಯವಿಲ್ಲ ಅನ್ನುವುದು ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ. ಸಾಲ ವಸೂಲಿಯಲ್ಲಿ ನಮ್ಮ ಬ್ರಾಂಚು ಹಿಂದುಳಿಯಲು ಇದೇ ಕಾರಣ.)

ಆಮೇಲೆ ಐದೂವರೆಗೆ ಯಾರೂ ನನ್ನನ್ನು ತಿವಿಯಬೇಕಾಗಲಿಲ್ಲ. ಐದು ಹತ್ತಕ್ಕೇ ಎಚ್ಚರವಾಗುತ್ತಿತ್ತು. ಈ ಗುಟ್ಟನ್ನು ಮನೆಯಲ್ಲಿ ಹೇಳದೆ, ಕಷ್ಟಪಟ್ಟು ಎದ್ದವನಂತೆ ನರಳುತ್ತ ಹೊರಡುತ್ತಿದ್ದೆ.

ಮೂವತ್ತನೆಯ ದಿನ ಸಭೆ ಸೇರಿತು. ಮಕ್ಕಳು ಹನ್ನೊಂದು ದಿನ ಬಟ್ಟಲು ತೊಳೆದಿದ್ದರು, ಎರಡು ದಿನ ವಾಕಿಂಗ್ ಮಾಡಿದ್ದರು. ಬ್ಯಾಂಕಿನ ಲೆಕ್ಕದಲ್ಲಿ ಇದು ಕೆಟ್ಟ ಸಾಲ. ಆದರೂ ‘ಮಾನವೀಯ ದೃಷ್ಟಿಯಿಂದ ಮಂಜೂರು ಮಾಡೋಣ’ ಎಂದು ನಾನೇ ಪೀಠಿಕೆ ಹಾಕಿದೆ. ದನಿಯಲ್ಲಿ ಆತುರ ಕಾಣದಂತೆ ಕೆಮ್ಮಿದೆ ಕೂಡ.

‘ಬೇಡ ಅಪ್ಪ’ ಅಂದಳು ಮಿನ್ನಿ.

‘ಏನು ಬೇಡ?’

‘ನಾಯಿ. ತುಂಬಾ ಕೆಲಸ ಇರುತ್ತೆ. ದೀಪಾವಳಿ ಪಟಾಕಿಗೆ ಹೆದರುತ್ತೆ. ಅಜ್ಜಿ ಪಾಯಸದ ದ್ರಾಕ್ಷಿ ಬೀಳಿಸಿದ್ರೆ ಕಷ್ಟ. ಮತ್ತೆ ನಿನ್ನ ಹೋಮ್ ಲೋನ್ ಬೇರೆ ಇನ್ನೂ ಹದಿಮೂರು ವರ್ಷ ಇದೆ.’ ಒಂದೊಂದೂ ನನ್ನದೇ ವಾದ. ತಿಂಗಳ ಹಿಂದೆ ನಾನೇ ಊಟದ ಹೊತ್ತಿನಲ್ಲಿ ಹೇಳಿದ್ದು.

ಗುಂಡ ತನಗೆ ಮೀನು ಸಾಕು ಅಂದ. ಮೀನಿಗೆ ವಾಕಿಂಗ್ ಇಲ್ಲ.

‘ಅದು ಹೇಗಾಗುತ್ತೆ?’ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ‘ಮಕ್ಕಳು ಪ್ರಾಣಿ ಜೊತೆ ಬೆಳೀಬೇಕು. ಜವಾಬ್ದಾರಿ ಬರುತ್ತೆ. ಧರ್ಮರಾಯ…’

‘ಅರ್ಜಿದಾರರೇ ಅರ್ಜಿ ವಾಪಸ್ ತಗೊಂಡ ಮೇಲೆ ಜಾಮೀನುದಾರರದ್ದೇನು ಗಲಾಟೆ?’ ಅಂದಳು ಇವಳು. ಕರಾರಿನ ಹಾಳೆಯನ್ನು ಮಡಿಸಿ ಎತ್ತಿಟ್ಟುಕೊಂಡಿದ್ದಳು. ಅಮ್ಮ ಜಪಸರ ಕೆಳಗಿಡದೆ, ‘ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ವಂತಲ್ಲ, ಇರ್ಲಿ ಬಿಡೇ’ ಎಂದು ಯಾರೂ ಕೇಳದಿದ್ದರೂ ಒಂದು ಮಾತು ಹಾಕಿದರು. ಎರಡು ಓಟಾಯಿತು. ಆದರೆ ನಮ್ಮ ಮನೆ ಪ್ರಜಾಪ್ರಭುತ್ವವಲ್ಲ.

ಕೊನೆಗೆ ಹೊಸ ಕರಾರು ಬರೆಯಲಾಯಿತು. ಅರ್ಜಿದಾರ ನಾನು, ಮಂಜೂರಾತಿ ಇವಳದು. ಮೂವತ್ತು ದಿನ ಒದ್ದೆ ಟವೆಲ್ ಮಂಚದ ಮೇಲೆ ಬೀಳಬಾರದು. ಊಟದ ಡಬ್ಬಿಯನ್ನು ನಾನೇ ತೊಳೆದಿಡಬೇಕು. ಕಾಲುಚೀಲ ಸೋಫಾದ ಕೆಳಗೆ ಸಿಗಬಾರದು. ಸ್ವಂತ ತಟ್ಟೆ ಎತ್ತದವನು ನಾಯಿಯ ತಟ್ಟೆ ಎತ್ತುತ್ತಾನೆ ಎಂದು ನಂಬಲು ಆಧಾರ ಬೇಕು ಎನ್ನುವುದು ಅವಳ ವಾದ. ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಒಂದು ದಿನ ತಪ್ಪಿದರೂ ಲೆಕ್ಕ ಮತ್ತೆ ಒಂದರಿಂದ. ಜಾಮೀನಿನ ಜಾಗಕ್ಕೆ ಮಿನ್ನಿಯನ್ನು ಕೇಳಿದೆ. ಓದಿ ನೋಡಿ, ಆಗಲ್ಲ ಅಂದಳು.

ಮರಿಗಳಿಗೆ ಎಂಟು ವಾರ ತುಂಬಿತು. ಒಂದನ್ನು ಬಜ್ಜಿ ಗಾಡಿಯವನು ಒಯ್ದ, ಒಂದನ್ನು ಗಾರೆಯವನು, ಇನ್ನೊಂದನ್ನು ಅಚ್ಚರಿಯೆಂದರೆ ನಮ್ಮ ಹೆಡ್‌ಮಾಸ್ಟರು. ನನ್ನ ಬೋಂಡ ಕಳೆದುಹೋದದ್ದನ್ನು ನೋಡಿ ಅವರಿಗೆ ಗೇಟಿನ ಚಿಲಕದ ಬಗ್ಗೆ ವಿಪರೀತ ಎಚ್ಚರ ಬಂದಿದೆಯಂತೆ. ಕಪ್ಪು ಮರಿ ಒಂದೇ ಉಳಿದಿದೆ. ‘ಹೆಣ್ಣಂತ ಯಾರೂ ಒಯ್ಯಲಿಲ್ರಿ’ ಅಂದ ವಾಚ್‌ಮನ್. ಲಸಿಕೆ ಹಾಕಿಸಿದ್ದೇನೆ, ಜಂತುಹುಳದ ಔಷಧಿಯೂ ನಡೆಯುತ್ತಿದೆ. ಡಾಕ್ಟರ ರಿಜಿಸ್ಟರಿನಲ್ಲಿ ಈಗ ಪೇಷೆಂಟ್ ಕಾಲಮ್ಮಿನಲ್ಲಿ ‘ಬೋಂಡ, ಹೆಣ್ಣು’ ಎಂದಿದೆ. ಮನೆಯಲ್ಲಿ ಇದು ಗೊತ್ತಿಲ್ಲ.

ನಿನ್ನೆಗೆ ನನ್ನ ತಾಲೀಮು ಹನ್ನೊಂದನೇ ದಿನಕ್ಕೆ ಬಂದಿತ್ತು. ರಾತ್ರಿ ಮಂಚದ ಮೇಲೆ ಒದ್ದೆ ಟವೆಲ್ ಸಿಕ್ಕಿತು. ಬೋಂಡ ಎಳೆದು ತಂದಿರಬೇಕು ಅಂದೆ. ಇವಳು ಮಾತಾಡದೆ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಕಿದ್ದ ಗೀಟುಗಳನ್ನೆಲ್ಲ ಅಳಿಸಿ ಬಂದಳು. ಇದು ಮೂರನೆಯ ಸಲ.

ಇವತ್ತು ಬೆಳಿಗ್ಗೆ ಹೋಗಿ ವಾಚ್‌ಮನ್‌ಗೆ ವಿಷಯ ತಿಳಿಸಿ, ಇನ್ನೊಂದು ಮೂವತ್ತು ದಿನ ಇದನ್ನು ಯಾರಿಗೂ ಕೊಡಬೇಡಪ್ಪ ಅಂದೆ. ಅವನು ಬೀಡಿ ಆರಿಸಿ, ನನ್ನ ಪ್ಯಾಂಟಿನ ಅಂಚು ಕಚ್ಚಿ ಎಳೆಯುತ್ತಿದ್ದ ಮರಿಯನ್ನೂ ನನ್ನನ್ನೂ ಒಂದು ಸಲ ನೋಡಿದ.

‘ಇಡ್ತೀನ್ರಿ ಸರ, ಅದಕ್ಕೇನ. ಆದ್ರ ನೀವ ಪಾಸ್ ಆಗೋದ್ರಾಗ ಇದಕ್ಕ ಮರಿ ಆಗ್ತಾವ ನೋಡ್ರಿ.’